ಮೊಂಟ್‌ಬಾರೆಲ್ ಅಂಗಿ, ಮೊಸರಿನ ತಂಡ

ರೆಸ್ಟನ್

ಅಮೆರಿಕೆಗೆ ಹೋಗಿ ಬಂದವರು ನಯಾಗರದ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಆ ಫೋಟೋ ಇಲ್ಲ. ತೊಂಬತ್ತರ ದಶಕದ ನಡುವೆ, ಒಂದು ಮೇ ಸೂಟಿಯಲ್ಲಿ ನಾನು ಅಲ್ಲಿ ನೋಡಿದ್ದು ಸೈಕಲ್ಲು, ಬರೀ ಸೈಕಲ್ಲು. ವಾಷಿಂಗ್ಟನ್ನಿನ ಬಿಳಿ ಗುಮ್ಮಟವನ್ನು ಕಾರಿನ ಕಿಟಕಿಯಿಂದಲೇ ನೋಡಿ, ನಮ್ಮ ಗೋಳಗುಮ್ಮಟದ ಮುಂದೆ ಇದೇನು ಮಹಾ ಎಂದು ಮುಂದೆ ಹೋದವನು ನಾನು. ಬಿಜಾಪುರದ ಡ್ರಿಲ್ ಮಾಸ್ತರನಿಂದ ಇನ್ನೇನು ಬಯಸುತ್ತೀರಿ?

ನನ್ನನ್ನು ಕರೆಸಿಕೊಂಡವಳು ನನ್ನ ಅಕ್ಕನ ಮಗಳು ಗೀತಾ. ಅವಳ ಗಂಡ ಪ್ರಸಾದ ಬೆಂಗಳೂರಿನ ಮಲ್ಲೇಶ್ವರದವನು. ವರ್ಜೀನಿಯಾದ ರೆಸ್ಟನ್ನಿನಲ್ಲಿ ಕಂಪ್ಯೂಟರ್ ಕೆಲಸ. ಬಂಗಾರದಂಥ ಹುಡುಗ. ಅವನಲ್ಲಿ ನಾನು ಕಂಡ ಒಂದೇ ಐಬು ಎಂದರೆ ನನ್ನನ್ನು ಅಂಕಲ್ ಎನ್ನುತ್ತಿದ್ದ. ಹೆಂಡತಿಯ ಸೋದರಮಾವನನ್ನು ಬಾಜೂ ಮನೆಯವನಂತೆ ಅಂಕಲ್ ಎನ್ನುವುದೇ? ಎರಡು ಸಲ ತಿದ್ದಿದೆ. "ಓಕೆ ಅಂಕಲ್, ಇನ್ಮೇಲೆ ಹಾಗನ್ನಲ್ಲ" ಎಂದ. ನಾನು ಕೈಬಿಟ್ಟೆ.

ಗೀತಾ ನನ್ನ ಪೆಟ್ಟಿಗೆ ತೆರೆದಳು. ಮೊದಲು ಕಟಕ ರೊಟ್ಟಿಯ ಗಂಟು ಬಂತು, ಆಮೇಲೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ, ಅದರ ಕೆಳಗೆ ಬಿಳಿ ಪಂಚೆಯಲ್ಲಿ ಸುತ್ತಿದ ಅಂಗಿ. ಅವಳು ಹಣೆ ಹಣೆ ಬಡಿದುಕೊಂಡಳು.

"ಮಾಮಾ, ಈ ಅಂಗಿ ಇನ್ನೂ ಹರದಿಲ್ಲೇನು?"

"ಹರಿತೈತಿ ಹೆಂಗ? ವರ್ಷಾ ದಸರಾ ಖಂಡೇಪೂಜಿಗೆ ಹಾರಾ ಹಾಕಿಸ್ಕೋತೈತಿ."

ಈ ಅಂಗಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನೇರಳೆ ಬಣ್ಣದ ಉಣ್ಣೆಯ ಅಂಗಿ, ಎದೆಗೆ ಹಳದಿ ಪಟ್ಟಿ, ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಹೆಸರು: ಮೊಂಟ್‌ಬಾರೆಲ್. ಹುಡುಗನಾಗಿದ್ದಾಗ ರೇಸಿಗೆಂದು ಮುಂಬಯಿಗೆ ಹೋದವನು ಅಲ್ಲಿನ ಹಳೇ ಬಟ್ಟೆ ಬಜಾರಿನಲ್ಲಿ ಅದನ್ನು ಕೊಂಡಿದ್ದೆ. ಫ್ರಾನ್ಸಿನದು ಎಂದು ಅಂಗಡಿಯವ ಹೇಳಿದ. ಮೊಂಟ್‌ಬಾರೆಲ್ ಎಂದರೆ ಫ್ರಾನ್ಸಿನ ದೊಡ್ಡ ಸೈಕಲ್ ಪೈಲ್ವಾನ ಎಂದು ನಾನು ತೀರ್ಮಾನಿಸಿದೆ. ಬಿಜಾಪುರದಲ್ಲಿ ಅಲ್ಲ ಎನ್ನುವವರು ಯಾರಿದ್ದರು? ಅದೇ ಅಂಗಿ ತೊಟ್ಟು ಬಾಗಲಕೋಟೆ ರೇಸು ಗೆದ್ದೆ. ಗೆದ್ದ ಮೇಲೆ ಮಾತು ಇನ್ನೂ ಗಟ್ಟಿಯಾಯಿತು. ಗೆಳೆಯರು ಸೇರಿ ಸಂಘ ಕಟ್ಟಿದೆವು. ಹೆಸರು 'ಶ್ರೀ ಮೊಂಟ್‌ಬಾರೆಲ್ ಸೈಕಲ್ ಸಂಘ, ಬಿಜಾಪುರ'. ಮಠದ ಅಜ್ಜಾರು ಬಂದು ಸಂಘದ ಖೋಲಿ ಉದ್ಘಾಟಿಸಿದರು. ಮೊಂಟ್‌ಬಾರೆಲ್ಲರಂಥ ಸತ್ಪುರುಷರ ಹಾದಿಯಲ್ಲಿ ಯುವಕರು ನಡೆಯಬೇಕು ಎಂದು ಆಶೀರ್ವಚನ ಕೊಟ್ಟರು. ಐತವಾರದ ರೇಸಿನಲ್ಲಿ ಗೆದ್ದವನು ಮುಂದಿನ ಐತವಾರ ಆ ಅಂಗಿ ತೊಟ್ಟು ಓಡಬೇಕು ಎಂಬುದು ನಮ್ಮ ಸಂಘದ ಕಾಯಿದೆ. ಎಷ್ಟು ಮೈಯ ಬೆವರು ಕುಡಿದಿದೆಯೋ ಆ ಉಣ್ಣೆ!

ನಾನು ಅಮೆರಿಕೆಗೆ ಹೊರಟಾಗ ಸಂಘದವರು ಅಂಗಿಯನ್ನು ನನ್ನ ಕೈಗಿತ್ತು, "ಮಾಸ್ತರ, ಪರದೇಶಕ್ಕ ಹೊಂಟೀರಿ. ಈ ಮೊಂಟ್‌ಬಾರೆಲ್ ಅಂದ್ರ ಯಾರು, ಇನ್ನೂ ಅದಾನೋ ಹೋದನೋ, ಕೇಳ್ಕೊಂಡ ಬರ್ರಿ" ಎಂದಿದ್ದರು. ಅಮೆರಿಕೆ ಬೇರೆ, ಫ್ರಾನ್ಸು ಬೇರೆ ಎಂದು ಹೇಳಿದರೆ ಯಾರು ಕೇಳುತ್ತಾರೆ?

ಆದರೆ ನನ್ನ ನಸೀಬು ನೋಡಿ. ಮರುದಿನವೇ ಪ್ರಸಾದ ಪೇಪರು ಹಿಡಿದು ಬಂದ. ವರ್ಜೀನಿಯಾದಿಂದ ಕೆರೊಲೈನಾದ ಗುಡ್ಡಗಳವರೆಗೆ ದಿನಕ್ಕೊಂದು ಹಂತದಂತೆ ದೊಡ್ಡ ಸೈಕಲ್ ರೇಸು, ಯೂರೋಪಿನ ತಂಡಗಳೂ ಬಂದಿವೆ.

"ಅಂಕಲ್, ಇಲ್ಲಿ ನೋಡಿ, ಒಂದು ಫ್ರೆಂಚ್ ಟೀಮ್ ಇದೆ. ಯೋಗರ್ಟ್ ಕಂಪನಿ ಸ್ಪಾನ್ಸರ್ ಮಾಡ್ತಿದೆ. ಪಾಪ, ಕ್ಲೋಸ್ ಆಗೋ ಹಾಗಿದೆಯಂತೆ. ಇಲ್ಲಿ ಒಂದು ಸ್ಟೇಜಾದ್ರೂ ಗೆದ್ರೆ ಕಂಪನಿ ಮುಂದುವರಿಸುತ್ತಂತೆ, ಇಲ್ಲಾಂದ್ರೆ ಈ ವರ್ಷವೇ ಲಾಸ್ಟ್."

ಗೆಲ್ಲಲಿ, ಸೋಲಲಿ, ಫ್ರಾನ್ಸಿನವರು ಎಂದರೆ ಸಾಕು. ಅವರಿಗೆ ಮೊಂಟ್‌ಬಾರೆಲ್ ಗೊತ್ತಿರಲೇಬೇಕು! ನಾನು ಆಗಲೇ ಚಪ್ಪಲಿ ಹುಡುಕುತ್ತಿದ್ದೆ.

"ಅಳಿಯಂದಿರ, ಯಾವಾಗ ಹೋಗೂಣು?"

"ಲೀವ್‌ಗೆ ಅಪ್ಲೈ ಮಾಡ್ತೀನಿ ಅಂಕಲ್. ಕೆರೊಲೈನಾದ ಕ್ಯಾರಿನಲ್ಲಿ ನನ್ನ ಫ್ರೆಂಡ್ ಮನೆ ಇದೆ, ಅಲ್ಲಿವರೆಗೂ ಡ್ರೈವ್ ಮಾಡ್ಕೊಂಡು ಹೋಗೋಣ."

ಕ್ಯಾರಿ

ಕ್ಯಾರಿ ಎಂಬ ಊರಿನಲ್ಲಿ ಎಲ್ಲ ಇದೆ, ಮನುಷ್ಯರು ಮಾತ್ರ ಕಾಣುವುದಿಲ್ಲ. ಸಾಲು ಮನೆ, ಕತ್ತರಿಸಿದ ಹುಲ್ಲು, ನೆರಳು, ಎಲ್ಲ ಚೆಂದ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮನೆಯ ಹೊಟ್ಟೆಯೊಳಗಿಂದಲೇ ಕಾರು ಹೊರಡುತ್ತದೆ, ಮತ್ತೊಂದು ಕಟ್ಟಡದ ಹೊಟ್ಟೆಗೆ ಹೋಗಿ ಸೇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಬೀದಿಗೆ ಕಾಲಿಟ್ಟರೆ ಚಾ ಕುಡಿದಿರೇನು ಎಂದು ಕೇಳುವವರಿಗೆ ಉತ್ತರ ಕೊಡುವುದರಲ್ಲೇ ಬಿಸಿಲೇರುತ್ತದೆ.

ಪ್ರಸಾದನ ಗೆಳೆಯನ ಮನೆಯಲ್ಲಿ ಒಂದು ಸೈಕಲ್ ಇತ್ತು. ಧೂಳು ಒರೆಸಿ, ಗಾಳಿ ಹೊಡೆದು, ಮೊಂಟ್‌ಬಾರೆಲ್ ಅಂಗಿ ತೊಟ್ಟು ಬೆಳಗಿನ ತಂಪಿನಲ್ಲಿ ಹೊರಟೇಬಿಟ್ಟೆ. ಏನು ರಸ್ತೆ ರೀ ಅದು! ಗುಂಡಿ ಇಲ್ಲ, ಎಮ್ಮೆ ಇಲ್ಲ. ಹಾಡಬೇಕು ಎನಿಸಿತು, ಹಾಡಿದೆ.

ಸ್ವಲ್ಪ ದೂರ ಹೋಗಿರಬೇಕು, ಒಂದು ಕಾರು ಪಕ್ಕದಲ್ಲಿ ನಿಧಾನವಾಯಿತು. ಒಬ್ಬ ಅಮ್ಮ ಕಿಟಕಿ ಇಳಿಸಿ ಬಹಳ ಕಳಕಳಿಯಿಂದ ಏನೋ ಕೇಳಿದಳು. ಅವಳ ಇಂಗ್ಲಿಷು ಮೂಗಿನಿಂದ ಹೊರಡುತ್ತಿತ್ತು. ಮೂರನೆಯ ಸಲಕ್ಕೆ ಅರ್ಥವಾಯಿತು. ನಿಮ್ಮ ಕಾರು ಎಲ್ಲಿ ಕೆಟ್ಟು ನಿಂತಿದೆ, ನಾನು ಬಿಡಲೇ ಎಂದು ಕೇಳುತ್ತಿದ್ದಳು! ಬೆಳೆದ ಗಂಡಸು ಸೈಕಲ್ ಮೇಲೆ ಹೊರಟಿದ್ದಾನೆ ಎಂದರೆ ಅವನ ಕಾರು ಕೆಟ್ಟಿರಲೇಬೇಕು ಎಂಬುದು ಅವಳ ಲೆಕ್ಕ. ನನ್ನದು ಕಾರೇ ಇಲ್ಲ ತಾಯಿ ಎಂದೆ. ಅವಳ ಮುಖ ಇನ್ನಷ್ಟು ಬಾಡಿತು. ಪಾಪ, ಒಳ್ಳೆಯ ಮನಸ್ಸಿನವಳು. ನಾನು ಕೈ ಮುಗಿದು ಮುಂದೆ ಹೋದೆ.

ಮುಂದೆ ಒಂದು ಮೋಟೆಲ್. ಅದರ ಹಿಂದೆ ಕಾರು ನಿಲ್ಲಿಸುವ ಬಯಲಿನಲ್ಲಿ ಸೈಕಲ್ಲುಗಳು ಸಾಲಾಗಿ ನಿಂತಿದ್ದವು, ಒಂದೊಂದೂ ಮದುವಣಿಗನ ಹಾಗೆ. ಪಕ್ಕದಲ್ಲಿ ನಿಂತ ಮೋಟಾರು ಗಾಡಿಯ ಮೇಲೆ ಮೊಸರಿನ ಡಬ್ಬಿಯ ಚಿತ್ರ. ಅರವತ್ತು ದಾಟಿದ ಒಬ್ಬ ಮುದುಕರು ರಬ್ಬರ್ ಕೊಳವೆ ಹಿಡಿದು ಗಾಲಿಗಳನ್ನು ತೊಳೆಯುತ್ತಿದ್ದರು. ನನ್ನನ್ನು ನೋಡಿದರು. ಕೊಳವೆ ಕೈಯಿಂದ ಜಾರಿತು, ನೀರು ಅವರದೇ ಪ್ಯಾಂಟಿನ ಮೇಲೆ ಸುರಿಯತೊಡಗಿತು. ಅವರಿಗೆ ಅದರ ಪರಿವೆಯೇ ಇಲ್ಲ.

"ಮೊಂಬಾರೆಲ್!" ಎಂದು ಕೂಗಿದರು.

ನಾವು ಇಷ್ಟು ವರ್ಷ ಒತ್ತಿ ಒತ್ತಿ ಹೇಳಿದ 'ಟ್' ಆ ಹೆಸರಿನಲ್ಲಿ ಇರಲೇ ಇಲ್ಲ. ಆದರೂ ನನ್ನ ಮೈ ಜುಮ್ಮೆಂದಿತು. ಸೈಕಲ್ ಇಳಿದವನೇ ಎದೆಯ ಮೇಲಿನ ಅಕ್ಷರ ಮುಟ್ಟಿ, "ಯೆಸ್ ಸರ್! ಮೊಂಟ್‌ಬಾರೆಲ್! ಹೂ ಈಸ್ ಹೀ?" ಎಂದೆ. ಅವರು ಏನೇನೋ ಹೇಳಿದರು, ಒಂದು ಅಕ್ಷರ ತಿಳಿಯಲಿಲ್ಲ. ಕುಳಿತಿರಿ, ಬಂದೆ ಎಂದು ಕೈಸನ್ನೆ ಮಾಡಿ, ನಾನು ಯಾವ ರೇಸಿನಲ್ಲೂ ತುಳಿಯದ ಹಾಗೆ ತುಳಿದು ಪ್ರಸಾದನನ್ನು ಕರೆತರಲು ಓಡಿದೆ.

ಮೋಟೆಲಿನ ಹಿಂದೆ

ಪ್ರಸಾದ ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡಿದ್ದ. ಭಾಷೆಯ ಮೇಲಿನ ಪ್ರೀತಿಗಲ್ಲ, ಮಾರ್ಕ್ಸ್ ಚೆನ್ನಾಗಿ ಬೀಳುತ್ತದೆ ಎಂದು. ಆ ಫ್ರೆಂಚಿಗೆ ಅವತ್ತು ಮೊದಲ ಸಲ ನಿಜವಾದ ಪರೀಕ್ಷೆ ಬಂತು. ಹುಡುಗ ಬೆವರಿಬಿಟ್ಟ.

"ಅಂಕಲ್, ನಂಗೆ 'ಪೆನ್ನು ಮೇಜಿನ ಮೇಲಿದೆ' ಅನ್ನೋದಷ್ಟೇ ಗ್ಯಾರಂಟಿಯಾಗಿ ಬರುತ್ತೆ."

"ಅಲ್ಲಿಂದನ ಶುರು ಮಾಡ್ರಿ."

ಹೇಗೋ ಮಾತು ಹೊರಟಿತು. ಮುದುಕರ ಹೆಸರು ರೆನೆ, ಈ ತಂಡದ ಮ್ಯಾನೇಜರು. ಮ್ಯಾನೇಜರ್ ಆದವರು ಸೈಕಲ್ ಯಾಕೆ ತೊಳೆಯುತ್ತಾರೆ ಎಂದರೆ, ಕೆಲಸದವರನ್ನೆಲ್ಲ ಕಂಪನಿ ಕಡಿಮೆ ಮಾಡಿತ್ತು.

"ಮೊದ್ಲ ಅದನ್ನ ಕೇಳ್ರಿ. ಮೊಂಟ್‌ಬಾರೆಲ್ ಅಂದ್ರ ಯಾರು?"

ಪ್ರಸಾದ ಕೇಳಿದ. ರೆನೆ ನಕ್ಕರು. ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ, ಕತ್ತು ಹಿಂದಕ್ಕೆ ಎತ್ತಿ ಎರಡು ಸಲ ಸುರಿದುಕೊಂಡಂತೆ ಮಾಡಿದರು. ಈ ಸನ್ನೆಗೆ ಬಿಜಾಪುರದಲ್ಲೂ ಒಂದೇ ಅರ್ಥ. 

"ಅಂಕಲ್..." ಪ್ರಸಾದ ನನ್ನ ಮುಖ ನೋಡಲಿಲ್ಲ. "ಅದು ಮನುಷ್ಯ ಅಲ್ವಂತೆ. ಒಂದು ಡ್ರಿಂಕಂತೆ. ಊಟಕ್ಕೆ ಮುಂಚೆ ತಗೋತಾರಂತೆ. ಒಂಥರಾ ಟಾನಿಕ್ ಅಂದ್ಕೊಳ್ಳಿ."

ಟಾನಿಕ್ ಅಂತೆ! ಹುಟ್ಟಿದಾಗಿನಿಂದ ಹನಿ ಮುಟ್ಟದ ನಾನು, ಶಾಲೆಯ ಮೈದಾನದಲ್ಲಿ ಹೆಂಡದ ಜಾಹೀರಾತು ತೊಟ್ಟು ಮಕ್ಕಳಿಗೆ ಸಾವಧಾನ್, ವಿಶ್ರಾಮ್ ಹೇಳಿದ್ದೆ. ಅಜ್ಜಾರು ಆ ಸತ್ಪುರುಷನಿಗೆ ಹಾರ ಹಾಕಿದ್ದರು. ನಾನು ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತೆ. ಪ್ರಸಾದ ನಗು ತಡೆಯಲಾಗದೆ ಒಂದು ಸೈಕಲ್ಲಿನ ಹಿಂದೆ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಕಟ್ಟಿ ಮುಗಿಯಲೇ ಇಲ್ಲ. ಕೊನೆಗೆ ನನಗೂ ನಗು ಬಂತು, ರೆನೆ ಅವರಿಗೂ ಬಂತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಅವರು ಹೇಳಿದ್ದು ಈ ತಂಡದ ಚರಿತ್ರೆ. ಬ್ರಿಟಾನಿ ಎಂಬ ಪ್ರಾಂತದ ಒಂದು ಸಣ್ಣ ಊರು. ಅಲ್ಲಿನ ಹೆಂಡದ ಕಂಪನಿಯ ಮಾಲೀಕನಿಗೆ ಸೈಕಲ್ ಹುಚ್ಚು. ರೈತರ ಮಕ್ಕಳನ್ನು ಕೂಡಿಸಿ ತಂಡ ಕಟ್ಟಿದ. ರೆನೆ ಆಗ ಸೈಕಲ್ ಮೇಲೆ ಮನೆಮನೆಗೆ ಹಾಲು ಹಾಕುತ್ತಿದ್ದ ಹುಡುಗ. ಕ್ಯಾನು ತುಳುಕದಂತೆ ದಿಬ್ಬ ಹತ್ತುತ್ತಾನೆ ಎಂದು ಮಾಲೀಕ ಆರಿಸಿಕೊಂಡನಂತೆ. ಹೆಚ್ಚಿನ ಟಯರನ್ನು ಹೆಗಲಿಗೆ ಜನಿವಾರದ ಹಾಗೆ ಸುತ್ತಿಕೊಂಡು ಓಡುತ್ತಿದ್ದರು. ಗೆದ್ದರೆ ಬಹುಮಾನ ಒಂದು ಪೆಟ್ಟಿಗೆ ಮೊಂಬಾರೆಲ್. ರೆನೆ ಅವರ ತಾಯಿ ಆ ಪೆಟ್ಟಿಗೆಯನ್ನು ಹೊಸಿಲು ದಾಟಿಸಲಿಲ್ಲವಂತೆ. ಆ ತಾಯಿಯ ಮೇಲೆ ನನಗೆ ಅಲ್ಲಿಯೇ ಭಕ್ತಿ ಹುಟ್ಟಿತು.

ಮಾಲೀಕ ತೀರಿಕೊಂಡ, ಮಕ್ಕಳು ಕೈಬಿಟ್ಟರು. ತಂಡವನ್ನು ಒಂದು ಹೊಲಿಗೆ ಯಂತ್ರದ ಕಂಪನಿ ತೆಗೆದುಕೊಂಡಿತು, ಅದಾದ ಮೇಲೆ ಫ್ರಿಜ್ಜಿನವರು, ಈಗ ಮೊಸರಿನವರು. ಪ್ರತಿ ಸಲವೂ ಹೆಸರು ಬದಲು, ಅಂಗಿ ಬದಲು. ಶೆಡ್ಡು ಅದೇ, ನಟ್ಟು ಬಿಗಿಯುವ ಪಾನಾಗಳ ಪೆಟ್ಟಿಗೆ ಅದೇ, ರೆನೆ ಅವರೇ. ಓಡುವುದು ನಿಂತ ಮೇಲೆ ಗಾಲಿ ಬಿಗಿದರು, ಹುಡುಗರ ಕಾಲು ತಿಕ್ಕಿದರು, ಕಡೆಗೆ ಮ್ಯಾನೇಜರಾದರು.

"ನಮ್ಮ ಆಫೀಸ್ ಥರಾನೇ ಅಂಕಲ್. ಬೋರ್ಡ್ ಚೇಂಜ್ ಆಗುತ್ತೆ, ನಾವು ಅದೇ ಕುರ್ಚಿನಲ್ಲಿ ಇರ್ತೀವಿ" ಎಂದ ಪ್ರಸಾದ.

ಹೊಲಿಗೆ ಯಂತ್ರದವರು ಬಂದಾಗ ಹಳೇ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಚಿಂದಿ ವ್ಯಾಪಾರಿಗೆ ಕೊಟ್ಟರಂತೆ. ಒಂದೂ ಉಳಿಯಲಿಲ್ಲ. ಉಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೀಗೆ ಹೇಳುತ್ತಾ ರೆನೆ ನನ್ನ ತೋಳಿನ ಉಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಿದ್ದರು. ಇದನ್ನು ಎಲ್ಲಿ ಜೋಪಾನವಾಗಿ ಇಟ್ಟಿದ್ದೀರಿ ಎಂದು ಕೇಳಿದರು.

"ಇಡೂದೆಲ್ಲಿ ಬಂತು? ವಾರಾ ವಾರಾ ಹಾಕ್ಕೊಂಡ ಓಡತೇವಿ ಅಂತ ಹೇಳ್ರಿ." ಸಂಘ, ಐತವಾರ, ಗೆದ್ದವನ ಕಾಯಿದೆ, ಎಲ್ಲ ವಿವರಿಸಿದೆ. ಅವರು ಪಟ್ಟಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

ಹೊಟ್ಟೆ ಹಸಿದಿತ್ತು. ಅವರು ಕಂಪನಿಯ ಮೊಸರು ತಂದರು. ಅದರೊಳಗೆ ಸ್ಟ್ರಾಬೆರಿ, ಮೇಲೆ ಸಕ್ಕರೆ! ಮೊಸರಿಗೆ ಇಂಥ ಗತಿ ತಂದ ಕಂಪನಿ ಉದ್ಧಾರವಾದೀತೇ? ಸಪ್ಪೆ ಮೊಸರಿನ ಡಬ್ಬಿಯೂ ಒಂದಿತ್ತು ಪುಣ್ಯಕ್ಕೆ. ಕಾರಿನಿಂದ ಶೇಂಗಾ ಹಿಂಡಿ, ಕಟಕ ರೊಟ್ಟಿ ತರಿಸಿ, ಮೊಸರಿನಲ್ಲಿ ಹಿಂಡಿ ಕಲಸಿ ಕೊಟ್ಟೆ. ರೆನೆ ರೊಟ್ಟಿ ಮುರಿದ ಸದ್ದಿಗೆ ಒಳಗಿಂದ ಇನ್ನೊಬ್ಬ ಬಂದ. ಪಿಯೆರ್ ಎಂದು ಹೆಸರು, ಎಲುಬು ಕಾಣುವಷ್ಟು ತೆಳ್ಳಗಿನವನು. ನಾಳೆ ಗುಡ್ಡದ ಹಂತ ಗೆದ್ದರೆ ಇವನೇ ಗೆಲ್ಲಬೇಕು, ಅದು ತಪ್ಪಿದರೆ ತಂಡಕ್ಕೆ ಬೇರೆ ಅವಕಾಶವಿಲ್ಲ ಎಂದರು ರೆನೆ. ಪಿಯೆರ್ ಖಾರಕ್ಕೆ ಹಾ ಹಾ ಎನ್ನುತ್ತಲೇ ಮೊಸರಿನ ಡಬ್ಬಿಯ ತಳ ಕಾಣಿಸಿದ. ನಾಳೆ ನಾನೂ ಬರುತ್ತೇನೆ, ನಮ್ಮೂರಿನ ಪದ್ಧತಿಯಂತೆ ಉಪಚಾರ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತು ಕೊಡಬಾರದಿತ್ತು.

ಗುಡ್ಡದ ಮೇಲೆ

ಬಿಜಾಪುರದ ಮೇ ತಿಂಗಳಲ್ಲಿ ರೇಸು ಓಡುವವನಿಗೆ ದಾರಿಬದಿಯ ಜನ ಮಾಡುವ ಉಪಚಾರ ಒಂದೇ: ತಲೆಯ ಮೇಲೆ ಕೊಡಗಟ್ಟಲೆ ತಣ್ಣೀರು. ನೀರು ಹಾಕಿದವನಿಗೆ ಪುಣ್ಯ, ಹಾಕಿಸಿಕೊಂಡವನಿಗೆ ಜೀವ. ಅದಕ್ಕೇ ನಾನು ಹಾಲಿನ ದೊಡ್ಡ ಪ್ಲಾಸ್ಟಿಕ್ ಕ್ಯಾನು ತೊಳೆದು ನೀರು ತುಂಬಿಕೊಂಡು, ಅಂಗಿ ತೊಟ್ಟು, ಗುಡ್ಡದ ಮೇಲೆ ನಿಂತೆ. ಮುಕ್ತಾಯದ ಗೆರೆ ನಮ್ಮಿಂದ ಸ್ವಲ್ಪ ಮೇಲಿತ್ತು. ನಮಗೆ ಕಾಣುತ್ತಿರಲಿಲ್ಲ, ಲೌಡ್‌ಸ್ಪೀಕರಿನ ದನಿ ಮಾತ್ರ ಕೇಳುತ್ತಿತ್ತು.

ಮಂಜು ಕವಿದು ಹಲ್ಲು ಕಟಕಟಿಸುವ ಚಳಿ ಇತ್ತು. ಸುತ್ತಲಿನ ಅಮೆರಿಕನ್ನರು ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ದನದ ಕೊರಳಿನ ಗಂಟೆ ಬಾರಿಸುತ್ತಿದ್ದರು. ಅಷ್ಟು ಜನ ಸೇರಿದರೂ ಒಬ್ಬರಿಗೊಬ್ಬರು ತಾಗುವುದಿಲ್ಲ. ತಾಗಿದರೆ ಇಬ್ಬರೂ ಸಾರಿ ಎನ್ನುತ್ತಾರೆ. ಇದೆಲ್ಲ ನನಗೆ ಕಂಡಿತು. ಕಂಡದ್ದು ತಲೆಗೆ ಹೋಗಲಿಲ್ಲ. ಕಣ್ಣು ಕೆಳಗಿನ ತಿರುವಿನ ಮೇಲೆಯೇ ಇತ್ತು.

ಗಂಟೆಗಳ ಸದ್ದು ಕೆಳಗಿನಿಂದ ಏರುತ್ತಾ ಬಂತು. ಮೋಟಾರ್ ಸೈಕಲ್ ದಾಟಿತು. ಅದರ ಹಿಂದೆ ಮಂಜಿನೊಳಗಿಂದ ಇಬ್ಬರೇ ಇಬ್ಬರು ಹೊರಬಂದರು: ಬೇರೆ ತಂಡದ ಒಬ್ಬ ಎತ್ತರದ ಆಳು, ಅವನ ಹಿಂದೆ ನಮ್ಮ ಪಿಯೆರ್! ಪಿಯೆರ್ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿದ್ದ. ನನಗೆ ಎಲ್ಲಿತ್ತೋ ಹುರುಪು, ರಸ್ತೆಗೆ ಹಾರಿ ಅವನ ಪಕ್ಕದಲ್ಲೇ ಓಡಿದೆ.

"ಹೊಡಿ ಮಗನ! ಹೊಡಿ ತಮ್ಮಾ! ಬಿಡಬ್ಯಾಡ ಅವನ್ನ!"

ಎಂದವನೇ ಕ್ಯಾನು ಎತ್ತಿ ಪೂರ್ತಿ ನೀರನ್ನು ಅವನ ತಲೆಯ ಮೇಲೆ ಸುರಿದೆ.

ಪಿಯೆರ್ ಕಿಟಾರನೆ ಕಿರುಚಿದ. ಗಂಟೆಗಳು ಒಮ್ಮೆಲೇ ನಿಂತವು. ಹಿಂದಿನಿಂದ ಪ್ರಸಾದ ನನ್ನ ತೋಳು ಹಿಡಿದು ಎಳೆದ.

"ಮಾಮಾ! ಚಳಿ ಮಾಮಾ! ಈ ಚಳೀಲಿ ಏನ್ ಮಾಡಿಬಿಟ್ರಿ ಮಾಮಾ!"

ಮಾಮಾ ಎಂದ, ಕೊನೆಗೂ. ಖುಷಿಪಡುವ ಗಳಿಗೆಯಾಗಿರಲಿಲ್ಲ. ಪಿಯೆರ್ ತಿರುಗಿ ನನ್ನ ಕಡೆ ಏನೋ ಬೈದ, ಪೆಡಲಿನ ಮೇಲೆ ಎದ್ದು ನಿಂತ, ಮಂಜಿನೊಳಗೆ ಮಾಯವಾದ. ಅವನ ಹಿಂದೆ ಬಂದ ಕಾರಿನ ಕಿಟಕಿಯಲ್ಲಿ ರೆನೆ ಅವರ ಮುಖ ಒಂದು ಕ್ಷಣ ಕಂಡಿತು. ಆ ಮುಖ ನೋಡಬಾರದಿತ್ತು.

ಲೌಡ್‌ಸ್ಪೀಕರು ಚೀರತೊಡಗಿತು. ಪಿಯೆರ್ ಹೆಸರು ಬಂತು, ಇನ್ನೊಬ್ಬನ ಹೆಸರು ಬಂತು, ಮತ್ತೆ ಪಿಯೆರ್. ನಾನು ಬಸವಣ್ಣನನ್ನು ನೆನೆದೆ. ಒಂದು ದೊಡ್ಡ ಹೋ ಎದ್ದಿತು.

"ಸೆಕೆಂಡ್" ಎಂದ ಪ್ರಸಾದ. "ಅರ್ಧ ಗಾಲಿ ಅಂತರವಂತೆ."

ಅರ್ಧ ಗಾಲಿ! ಆ ಅರ್ಧ ಗಾಲಿಯನ್ನು ನನ್ನ ಕ್ಯಾನಿನ ನೀರೇ ನುಂಗಿತು. ಅಷ್ಟು ವರ್ಷಗಳ ತಂಡವನ್ನು ಬಿಜಾಪುರದವನೊಬ್ಬ ಬಂದು ಮುಳುಗಿಸಿದ. ನನಗೆ ಅಳು ಬಂತು; ಅತ್ತೆ. ಕಂಬಳಿ ಹೊದ್ದ ಒಬ್ಬ ಅಮೆರಿಕನ್ ತಾತ ತಾನೇ ನನಗೆ ಸಾರಿ ಎಂದ.

ಓಡಿಹೋಗುವುದು ನಮ್ಮ ಪದ್ಧತಿಯಲ್ಲ. ಮೇಲೆ ಹತ್ತಿ ಅವರ ಗಾಡಿಯ ಹತ್ತಿರ ಹೋದೆವು. ಪಿಯೆರ್ ಕಂಬಳಿಯಲ್ಲಿ ನಡುಗುತ್ತಾ ಕುಳಿತಿದ್ದ. ನಾನು ಎರಡೂ ಕೈ ಜೋಡಿಸಿ, "ತಪ್ಪಾತು. ನಮ್ಮೂರಾಗ ಇದು ಪ್ರೀತಿ ರೀ. ಇಲ್ಲಿ ಥಂಡಿ ಅಂತ ತಲಿಗಿ ಹೋಗಲಿಲ್ಲ" ಎಂದೆ. ಪ್ರಸಾದ ಅದನ್ನು ಹೇಗೆ ಹೇಳಿದನೋ ತಿಳಿಯದು, ಪಿಯೆರ್ ನನ್ನನ್ನೇ ನೋಡಿ, ಆಮೇಲೆ ನಗತೊಡಗಿದ.

"ಮಾಮಾ, ಇವರು ಹೇಳ್ತಿದಾರೆ, ನೀರು ಬೀಳೋವಾಗ ಆಗ್ಲೇ ಗಿವ್ ಅಪ್ ಮಾಡಿದ್ರಂತೆ. ನಿಮ್ಮ ಮೇಲಿನ ಸಿಟ್ಟಿಗೆ ಕೊನೇವರೆಗೂ ತುಳಿದ್ರಂತೆ. ಇಲ್ಲಾಂದ್ರೆ ಸೆಕೆಂಡೂ ಬರ್ತಿರ್ಲಿಲ್ಲ."

ನಿಜವೋ, ನನ್ನ ಸಮಾಧಾನಕ್ಕೋ, ದೇವರಿಗೇ ಗೊತ್ತು. ಎರಡರಲ್ಲಿ ಯಾವುದಾದರೂ ಅವನು ದೊಡ್ಡ ಮನಸ್ಸಿನವನೇ.

ರೆನೆ ಫೋನಿನಲ್ಲಿ ಮಾತಾಡಿ ಬಂದರು. ಅವರೇ ಹೇಳಿದರು: ಕಂಪನಿಯವರು ಎರಡನೆಯ ಸ್ಥಾನವನ್ನು ಮೊಸರಿನ ಡಬ್ಬಿಯ ಮೇಲೆ ಅಚ್ಚು ಹಾಕುವುದಿಲ್ಲವಂತೆ. ವರ್ಷದ ಕೊನೆಗೆ ಶೆಡ್ಡಿಗೆ ಬೀಗ.

ನಾನು ಮೊಂಟ್‌ಬಾರೆಲ್ ಅಂಗಿಯನ್ನು ತಲೆಯ ಮೇಲಿನಿಂದ ಎಳೆದು ತೆಗೆದೆ. ಚಳಿ ಮೈಗೆ ಚುಚ್ಚಿತು. ಮಡಿಚಿ ಅವರ ಕೈಯಲ್ಲಿಟ್ಟೆ. "ನಿಮ್ಮದು ನಿಮಗ ಇರಲಿ. ಒಂದಾದ್ರೂ ಉಳೀಲಿ" ಎಂದೆ. ಊರಿನಲ್ಲಿ ಸಂಘದವರಿಗೆ ಏನು ಹೇಳುವುದು ಎಂಬ ಯೋಚನೆ ಆಗ ಬರಲಿಲ್ಲ.

ರೆನೆ ಅಂಗಿಯನ್ನು ಬಿಡಿಸಿ, ಹಳದಿ ಪಟ್ಟಿಯನ್ನು ಮುಖಕ್ಕೆ ಹಿಡಿದರು. ಮತ್ತೆ ಪ್ರಸಾದನನ್ನು ಕರೆದು ಏನೋ ಕೇಳಿದರು.

"ಮಾಮಾ, ಬರೋ ಸಂಡೇ ನಿಮ್ಮೂರಲ್ಲಿ ರೇಸ್ ಇದೆಯಾ ಅಂತಾರೆ."

"ಐತವಾರ ಅಂದಮ್ಯಾಲ ರೇಸ ಇರಾಕಬೇಕು. ಮಳಿ ಬರಲಿ, ಬಿಸಿಲಿರಲಿ."

ಪ್ರಸಾದ ತಿಳಿಸಿದ. ರೆನೆ ಹತ್ತಿರ ಬಂದು, ಸಣ್ಣ ಮಕ್ಕಳಿಗೆ ತೊಡಿಸುವಂತೆ ಅಂಗಿಯ ಕೊರಳನ್ನು ಹಿಗ್ಗಿಸಿ ನನ್ನ ತಲೆಗೆ ಹಾಕಿ, ಒಂದೊಂದೇ ತೋಳು ಎಳೆದು ತೊಡಿಸಿದರು. ಅವರ ಮಾತನ್ನು ಪ್ರಸಾದ ತಡವರಿಸದೆ ಹೇಳಿದ. ಅಷ್ಟು ಫ್ರೆಂಚು ಅವನಿಗೆ ಸರಿಯಾಗಿ ಬರುತ್ತಿತ್ತು.

"ಮುಚ್ಚಿದ್ದು ಮೊಸರಿನ ಕಂಪನಿ ಟೀಮು, ಮೊಂಬಾರೆಲ್ ಮುಚ್ಚಿಲ್ವಲ್ಲ, ಅಂತಿದಾರೆ."

ಆಮೇಲೆ ಗಾಡಿಯ ಹಿಂದಿನ ಬಾಗಿಲು ತೆರೆದು, ಮೊಸರಿನ ತಂಡದ ಬಿಳಿ ಅಂಗಿಗಳ ಒಂದು ಇಡೀ ಗಂಟನ್ನು ನನ್ನ ತೆಕ್ಕೆಗೆ ಹಾಕಿದರು. ನಾನು ಶೇಂಗಾ ಹಿಂಡಿಯ ಡಬ್ಬಿಯನ್ನು ಪಿಯೆರ್‌ಗೆ ಕೊಟ್ಟೆ.

ಮುಂಬಯಿ

ವಿಮಾನದಲ್ಲಿ ನನಗೆ ಒಂದೇ ಚಿಂತೆ: ಮೊಂಟ್‌ಬಾರೆಲ್ ಯಾರು ಎಂದು ಅಜ್ಜಾರು ಕೇಳಿದರೆ? ಸುಳ್ಳು ಹೇಳುವಂತಿಲ್ಲ. ಬಹಳ ಯೋಚಿಸಿ ಒಂದು ವಾಕ್ಯ ಹೊಂದಿಸಿಕೊಂಡೆ: "ಫ್ರಾನ್ಸಿನ ಜನ ದಿನಾ ಊಟಕ್ಕ ಮೊದಲ ಅವರನ್ನ ನೆನಿತಾರ್ರಿ, ಅಜ್ಜಾರ." ಅಜ್ಜಾರು ಕೇಳಿ ಬಹಳ ಸಂತೋಷಪಟ್ಟರು. ಈಗ ಅವರು ಲಿಂಗೈಕ್ಯರಾಗಿದ್ದಾರೆ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಕಸ್ಟಮ್ಸಿನ ಸಾಹೇಬ ನನ್ನ ಪೆಟ್ಟಿಗೆ ತೆರೆಸಿದ. ಬಿಳಿ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ಹರವಿದ, ಫ್ರೆಂಚ್ ಅಕ್ಷರಗಳನ್ನು ಕೂಡಿಸಿ ಓದಲು ನೋಡಿದ, ಸೋತ. ಆಮೇಲೆ ನನ್ನ ಮೈಮೇಲಿದ್ದ ನೇರಳೆ ಅಂಗಿಯನ್ನೂ ಓದಲು ನೋಡಿದ. ಮಾರಾಟದ ಮಾಲೇ ಎಂದು ಹಿಂದಿಯಲ್ಲಿ ಗದರಿಸಿದ. ಅಲ್ಲ, ನಮ್ಮ ತಂಡದ್ದು, ಐತವಾರ ರೇಸಿದೆ, ಬೇಗ ಬಿಡಿ ಎಂದೆ.

ಅವನು ಕಣ್ಣು ಕಿರಿದು ಮಾಡಿ ಕೇಳಿದ, "ಇದು ಯಾವ ದೇಶದ ತಂಡ?"

"ಬಿಜಾಪುರದ್ದು" ಎಂದೆ.